ಟಿಕೆಟ್ ಕೊಂಡ ಹೆಂಗಸು

ನಮ್ಮ ತೆಲಂಗಾಣದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ ಮರುವರ್ಷದ ಮಾತಿದು. ತೊಗರಿ ರಾಶಿ ಮುಗಿದು ನಾರಾಯಣಖೇಡದ ಮಾರ್ಕೆಟ್ಟಿಗೆ ಚೀಲ ಬರತೊಡಗಿದ್ದವು. ನಾನು ಅದೇ ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ಯಜಮಾನರು ಡ್ರೈವರ್ ಆಗಿದ್ದರು, ಅವರು ತೀರಿಕೊಂಡ ಮೇಲೆ ನನಗೆ ಈ ಕೆಲಸ ಕೊಟ್ಟರು. ತವರು ಬೀದರ್ ಕಡೆಯ ಔರಾದ. ಓದಿದ್ದು ಕನ್ನಡದಲ್ಲಿ, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಂಡಕ್ಟರಿಗೆ ಅನುಮಾನವೇ ಬಂಡವಾಳ. ಹತ್ತನೇ ಕ್ಲಾಸಿನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಸಣ್ಣಾಂವ ಅದಾನರಿ" ಅನ್ನುವವರನ್ನು ದಿನಾ ನೋಡುವವಳು ನಾನು. ಉಚಿತ ಬಂದ ಮೇಲೆ ಕೆಲಸ ಇನ್ನೂ ಹೆಚ್ಚಾಯಿತು. ಆಧಾರ್ ಕಾರ್ಡಿನಲ್ಲಿ ತೆಲಂಗಾಣದ ವಿಳಾಸವಿದ್ದರೆ ಹೆಂಗಸರಿಗೆ ಝೀರೋ ಟಿಕೆಟ್ ಕೊಡಬೇಕು. ನಮ್ಮದು ಗಡಿ. ಕರ್ನಾಟಕದ ಹೆಂಗಸರು ನಮ್ಮ ಬಸ್ಸಿನಲ್ಲಿ ದುಡ್ಡು ಕೊಡಬೇಕು, ನಾವು ಅವರ ಬಸ್ಸಿನಲ್ಲಿ ಕೊಡಬೇಕು. ಇದಕ್ಕಾಗಿ ನಡೆಯುವ ಜಗಳ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ನನ್ನ ಬಸ್ಸು ನಾಗಲಗಿದ್ದದಿಂದ ಹೊರಟು ಮನೂರ್, ಆಮೇಲೆ ನಮ್ಮ ಮನೆಯಿರುವ, ಎಲ್ಲರ ಬಾಯಲ್ಲಿ ಬರೀ ಖೇಡವಾದ ನಾರಾಯಣಖೇಡ ಮುಟ್ಟಿ ಜಹೀರಾಬಾದಿಗೆ ಹೋಗುತ್ತದೆ. ಒಂದು ಮುಂಜಾನೆ ಮನೂರಿನಲ್ಲಿ ಒಬ್ಬ ಹೆಂಗಸು ಹತ್ತಿದಳು. ಮೂವತ್ತರ ಮೇಲಿನ ವಯಸ್ಸು, ತಲೆಗೆ ಟೋಪಿ, ಬೆನ್ನಿಗೆ ಚೀಲ, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಕಾರ್ಡ್ ತೆಗೆಯಲಿಲ್ಲ, ನೋಟು ಚಾಚಿದಳು. ಕರ್ನಾಟಕದವರೇ ಎಂದು ಕೇಳಿದೆ. ಅಲ್ಲ, ಇದೇ ಮನೂರು ಅಂದಳು. ಮಾತೂ ಅಪ್ಪಟ ನಮ್ಮದೇ. ಹಾಗಾದರೆ ಕಾರ್ಡ್ ತೋರಿಸಿ, ಪುಕ್ಕಟೆ ಹೋಗಿ ಅಂದೆ.

"ಇರಲಿ ಅಕ್ಕಾ, ಟಿಕೆಟ್ ಕೊಡ್ರಿ" ಅಂದಳು.

ಪುಕ್ಕಟೆ ಸಿಗುವುದನ್ನು ಬಿಟ್ಟು ದುಡ್ಡು ಕೊಡುವ ಹೆಂಗಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಟಿಕೆಟ್ ಕೊಟ್ಟೆ. ಜಹೀರಾಬಾದ್ ಬರುವ ತನಕ ಅವಳ ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ.

ಅದೇ ವಾರ ನಾರಾಯಣಖೇಡದ ಕಾಲೇಜು ಮೈದಾನದ ಪಕ್ಕ ಬಸ್ಸು ಹೋಗುವಾಗ ಕಿಟಕಿಯಿಂದ ನೋಡಿದರೆ ಅದೇ ಟೋಪಿ! ಅವಳ ಎದುರಿಗೆ ನಿಂತಿದ್ದವಳು ನನ್ನ ಮಗಳು ಅಂಬಿಕಾ.

ಅಂಬಿಕಾ ನನ್ನ ಒಬ್ಬಳೇ ಮಗಳು, ಆಗ ಇಂಟರ್, ಅಂದರೆ ಕರ್ನಾಟಕದ ಪಿಯುಸಿ, ಎರಡನೇ ವರ್ಷ. ಹಾಸ್ಟೆಲ್ ಶಾಲೆಯಲ್ಲಿದ್ದಾಗ ಫುಟ್‌ಬಾಲಿನ ಹುಚ್ಚು ಹಿಡಿಸಿಕೊಂಡು ಬಂದವಳು. ಇಲ್ಲಿ ಆಡಲು ಹುಡುಗಿಯರಿಲ್ಲ, ಹುಡುಗರ ಆಟಕ್ಕೆ ಗೋಲಿನಲ್ಲಿ ನಿಲ್ಲುತ್ತಿದ್ದಳು. ಹಾಗಾದರೂ ಮನೆಯಲ್ಲಿ ಕೂತು ಮೊಬೈಲ್ ಒತ್ತುವುದು ತಪ್ಪುತ್ತದೆ ಎಂದು ನಾನೂ ಸುಮ್ಮನಿದ್ದೆ.

ಸಂಜೆ ಕೇಳಿದೆ. ಹೇಳಿದಳು. ಆಕೆಯ ಹೆಸರು ರೇಣುಕಾ, ಮೊದಲು ದೊಡ್ಡ ಆಟಗಾರ್ತಿ. ಮಹಿಳೆಯರ ರಾಷ್ಟ್ರೀಯ ಲೀಗಿನಲ್ಲಿ, ಅದೂ ಮೊದಲ ದರ್ಜೆಯಲ್ಲಿ ಆಡುವ ಕೋಲ್ಕತ್ತಾದ ಒಂದು ಕ್ಲಬ್ಬಿಗೆ ಗೋಲಿ, ಅಂದರೆ ಗೋಲು ಕಾಯುವವಳು, ಬೇಕಾಗಿದ್ದಾಳಂತೆ. ಹೈದರಾಬಾದಿನಲ್ಲಿ ಆಯ್ಕೆ ನಡೆಯುತ್ತದೆ, ಅಂಬಿಕಾಳನ್ನು ಕರೆದುಕೊಂಡು ಹೋಗುತ್ತಾಳಂತೆ. ಇಷ್ಟು ಹೇಳಿ ಮಗಳು ಇನ್ನೊಂದು ಮಾತು ಸೇರಿಸಿದಳು: ಊರಲ್ಲಿ ಯಾರಿಗೂ ಹೇಳಬೇಡ ಅಂದಿದ್ದಾಳೆ.

ಒಳ್ಳೆಯ ಕೆಲಸವಾದರೆ ಮುಚ್ಚಿಡುವುದೇಕೆ? ಕೆಲಸ ಕೊಡಿಸುತ್ತೇವೆಂದು ಹುಡುಗಿಯರನ್ನು ಕರೆದೊಯ್ದು ಎಲ್ಲೋ ಬಿಟ್ಟುಬಂದವರ ಸುದ್ದಿ ಬಸ್ಸಿನಲ್ಲಿ ಎಷ್ಟು ಸಲ ಕೇಳಿಲ್ಲ ನಾನು.

ಪತ್ತೇದಾರಿ ಶುರುಮಾಡಿದೆ. ಬಸ್ಸಿನವರಿಗೆ ತಿಳಿಯದ ಸುದ್ದಿ ಈ ಸೀಮೆಯಲ್ಲಿ ಇಲ್ಲ. ಮನೂರಿನಿಂದ ಹತ್ತುವ ಮುದುಕಿಯೊಬ್ಬಳನ್ನು ಕೇಳಿದೆ. ರೇಣುಕಾ ಅಲ್ಲಿಯವಳೇ ಹೌದು, ಬಹಳ ವರ್ಷ ದೂರದ ಊರಿನ ದವಾಖಾನೆಯಲ್ಲಿ ನರ್ಸ್ ಆಗಿದ್ದಳು, ಈಗ ಬಂದಿದ್ದಾಳೆ ಎಂದಳು. ಮಗಳಿಗೆ ಆಟಗಾರ್ತಿ, ಊರಿಗೆ ನರ್ಸ್! ಸುಳ್ಳಿನ ಒಂದು ಎಳೆ ಸಿಕ್ಕಿತು ಅಂದುಕೊಂಡೆ.

ತಾಂಡೂರು ಡಿಪೋದ ಯಾದಮ್ಮ ನನ್ನ ಗೆಳತಿ, ಅವಳೂ ಕಂಡಕ್ಟರ್. ಅವಳಿಗೆ ಫೋನ್ ಮಾಡಿದೆ. ಟೋಪಿಯ ಹೆಂಗಸು, ಟಿಕೆಟ್ ಕೊಳ್ಳುತ್ತಾಳೆ ಅಂದ ಕೂಡಲೇ ಯಾದಮ್ಮನಿಗೆ ಗುರುತು ಹತ್ತಿತು. ತಾಂಡೂರು ಬಸ್ ಸ್ಟ್ಯಾಂಡಿನಲ್ಲೂ ಅವಳು ಒಬ್ಬ ಹುಡುಗಿಯನ್ನು ನಿಲ್ಲಿಸಿಕೊಂಡು ಎತ್ತರ ಎಷ್ಟು, ತೂಕ ಎಷ್ಟು ಎಂದು ಕೇಳುತ್ತಿದ್ದಳಂತೆ. ಅಂಗೈ ಬಿಡಿಸಿ ತನ್ನ ಅಂಗೈಗೆ ಹಚ್ಚಿ ನೋಡಿದಳಂತೆ. ಸಂತೆಯಲ್ಲಿ ಆಡು ಕೊಳ್ಳುವವರು ನೋಡಿದ ಹಾಗೆ ನೋಡುತ್ತಿದ್ದಳು ಎಂದು ಯಾದಮ್ಮ ತೆಲುಗಿನಲ್ಲಿ ಹೇಳಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ, ಹೈದರಾಬಾದಿಗೆ ಹೋಗುವುದು ಬೇಡ, ಮೈದಾನಕ್ಕೂ ಇನ್ನು ಹೋಗಬೇಡ ಎಂದುಬಿಟ್ಟೆ. ಅಂಬಿಕಾ ಅಳಲಿಲ್ಲ. ತಾಟಿನ ಮುಂದಿನಿಂದ ಎದ್ದು ನಿಂತು ಹೇಳಿದಳು, "ಯವ್ವಾ, ಮಂದೀದು ಎಲ್ಲಾರದೂ ಕಾರ್ಡ್ ನೋಡ್ತಿ. ನನ್ನ ಆಟ ಒಂದಿನಾ ನೋಡಿಲ್ಲ ನೀ."

ನನಗೂ ಸಿಟ್ಟು ಬಂತು. ಒಬ್ಬಳೇ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳಿಗೆ ಈ ಮಾತೇ?

ಆಯ್ಕೆಯ ದಿನ ಬಂತು. ಮನೂರಿನಲ್ಲಿ ರೇಣುಕಾ ಹತ್ತಿ ಎಂದಿನಂತೆ ನೋಟು ಚಾಚಿದಳು. ನಾರಾಯಣಖೇಡ ಸ್ಟ್ಯಾಂಡಿನಲ್ಲಿ ನೋಡುತ್ತೇನೆ, ನನ್ನ ಮಗಳು ಚೀಲ ಹೆಗಲಿಗೇರಿಸಿಕೊಂಡು ನನ್ನದೇ ಬಸ್ಸು ಹತ್ತುತ್ತಿದ್ದಾಳೆ. ಕದ್ದು ಬೇರೆ ಬಸ್ಸಿಗೆ ಹೋಗಬಹುದಿತ್ತು, ಹೋಗಲಿಲ್ಲ. ನನ್ನ ಮುಖ ನೋಡದೆ ರೇಣುಕಾಳ ಪಕ್ಕದಲ್ಲಿ ಕೂತಳು. ನಾಲ್ಕು ಮಂದಿಯೆದುರು ಮಗಳನ್ನು ಎಳೆದಾಡುವುದು ಹೇಗೆ? ಹಲ್ಲು ಕಚ್ಚಿ ರೈಟ್ ಅಂದೆ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ತಡೆಯಲಾಗಲಿಲ್ಲ. ಸೀಟಿ ಊದಿ ಬಸ್ಸು ನಿಲ್ಲಿಸಿದೆ. ಡ್ರೈವರ್ ಮೌಲಾನಾ ಭಾಯ್ ನಮ್ಮ ಯಜಮಾನರ ಜೊತೆ ಕೆಲಸ ಮಾಡಿದವರು, ತಿರುಗಿ ನೋಡಿದರು. "ಭಾಯ್, ಗಾಡಿ ಸೀದಾ ಠಾಣಾಕ್ಕ ಹೊಡೀರಿ. ಈಕಿ ಹುಡುಗ್ಯಾರನ್ನ ಹಿಡಕೊಂಡು ಹೋಗಾಕ ಬಂದಾಳ" ಅಂದೆ.

ಬಸ್ಸಿಗೆ ಬಸ್ಸೇ ಅವಳತ್ತ ತಿರುಗಿತು. ಅಂಬಿಕಾ ಕಿಟಕಿಗೆ ಮುಖ ಹೊರಳಿಸಿದಳು. ಮೊದಲು ಕಾರ್ಡ್ ತೆಗೆಯಿರಿ ಎಂದು ರೇಣುಕಾಳಿಗೆ ಗದರಿದೆ. ಅವಳು ಜಗಳಾಡದೆ ತೆಗೆದುಕೊಟ್ಟಳು. ವಿಳಾಸ ಒಡಿಶಾದ ಕಟಕ್! ನಾನು ಅದನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಹಿಂದಿನಿಂದ ಯಾರೋ, ಪೊಲೀಸರಿಗೆ ಕೊಡಿ ಅಂದರು.

ರೇಣುಕಾ ಎದ್ದು ನಿಂತಳು. "ಠಾಣಾಕ್ಕ ಹೋಗೂನು ಅಂದ್ರ ಬರ್ತೀನಿ ಅಕ್ಕಾ. ಅಲ್ಲಿ ಹೊತ್ತಾದ್ರ ಹುಡುಗೀದು ಆಯ್ಕಿ ತಪ್ತದ, ಅಷ್ಟ. ಕಾರ್ಡ್ ನಿಮ್ಮ ಕಡೀನೇ ಇಟ್ಕೋರಿ. ನಿಮ್ಮ ಮಗಳು ಮನಿಗಿ ಬಂದ ಮ್ಯಾಲ ಕೊಡ್ರಿ. ಇಲ್ಲಂದ್ರ ನೀವೂ ನಡೀರಿ."

ಮೌಲಾನಾ ಭಾಯ್ ಗಡ್ಡ ಸವರಿಕೊಂಡು, "ಹೋಗಿ ನೋಡ್ರಿ ಬೆಹೆನ್. ಠಾಣಾ ಎಲ್ಲಿ ಓಡಿ ಹೋಗ್ತದ?" ಅಂದರು.

ಕಾರ್ಡನ್ನು ನನ್ನ ಟಿಕೆಟ್ ಚೀಲದೊಳಗೆ ಹಾಕಿ ಜಿಪ್ ಎಳೆದೆ. ಅದೂ ನಕಲಿ ಇರಬಹುದೆಂಬ ಗುಮಾನಿ ಇದ್ದೇ ಇತ್ತು. ಜಹೀರಾಬಾದಿನಲ್ಲಿ ಒಬ್ಬ ಸಹೋದ್ಯೋಗಿಗೆ ಕೈಮುಗಿದು ಡ್ಯೂಟಿ ಒಪ್ಪಿಸಿ ರೇಣುಕಾ ಮತ್ತು ಮಗಳ ಬೆನ್ನು ಹತ್ತಿದೆ. ಅಲ್ಲಿ ತಾಂಡೂರಿನ ಹುಡುಗಿ ಕಾಯುತ್ತಿದ್ದಳು. ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುವ ಅವಳ ಅಪ್ಪನೂ ಜೊತೆಗಿದ್ದ. ನಿಜ ಹೇಳುತ್ತೇನೆ, ಅವನು ಅಪ್ಪ ಹೌದೋ ಅಲ್ಲವೋ ಎಂದು ಅವರಿಬ್ಬರ ಮೂಗು ಹೋಲಿಸಿ ನೋಡಿದೆ.

ಹೈದರಾಬಾದ್ ಬಸ್ಸಿನಲ್ಲಿ ನಾನು ಕೇಳುತ್ತ ಹೋದೆ, ರೇಣುಕಾ ಹೇಳುತ್ತ ಹೋದಳು. ಮೊದಲು ಹೆಂಗಸರಿಗೆ ದೊಡ್ಡದೆಂದರೆ ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿಯೇ ಆಗಿತ್ತಂತೆ. ಕ್ಲಬ್ಬುಗಳ ರಾಷ್ಟ್ರೀಯ ಲೀಗ್ ಶುರುವಾದದ್ದು ತೀರಾ ಈಚೆಗೆ. ಆಗಲೂ ತಂಡಗಳನ್ನೆಲ್ಲ ಒಂದೇ ಊರಿಗೆ ಕರೆಸಿ ಕೆಲವು ವಾರಗಳಲ್ಲಿ ಮುಗಿಸಿಬಿಡುತ್ತಿದ್ದರು. ಆಮೇಲೆ ವರ್ಷವೆಲ್ಲ ಯಾರೂ ಕೇಳುವವರಿಲ್ಲ. ಈಗ ಅವರ ಊರಿಗೆ ಇವರು, ಇವರ ಊರಿಗೆ ಅವರು ಹೋಗಿ ತಿಂಗಳುಗಟ್ಟಲೆ ಆಡುತ್ತಾರೆ, ಫೋನಿನಲ್ಲೂ ಬರುತ್ತದೆ. ಕಟಕ್‌ನಲ್ಲಿದ್ದು ಅಲ್ಲಿನ ಕ್ಲಬ್ಬಿಗೆ ಆಡುತ್ತಿದ್ದ ಇವಳ ಮೊಣಕಾಲು ಅಷ್ಟರೊಳಗೆ ಕೈಕೊಟ್ಟಿತ್ತು. ಅಂಗೈ ಅಳೆದದ್ದೇಕೆಂದು ಕೇಳಿದರೆ, ಗೋಲಿನಲ್ಲಿ ನಿಲ್ಲುವವಳಿಗೆ ಎತ್ತರ ಮತ್ತು ಕೈ ಮುಖ್ಯ, ಕ್ಲಬ್ಬಿನವರು ಮೊದಲು ಅದನ್ನೇ ಕೇಳುತ್ತಾರೆ ಅಂದಳು.

ನರ್ಸ್ ಎಂದು ಸುಳ್ಳು ಹೇಳಿದ್ದೇಕೆ ಎಂದೆ. "ಹೆಂಗಸು ಚೆಂಡು ಒದ್ದು ಹೊಟ್ಟಿ ತುಂಬಿಸ್ಕೋತದ ಅಂದ್ರ ಯಾರ್ ನಂಬ್ತಿದ್ರು ಅಕ್ಕಾ? ಮೊದಲನೇ ಸಲ ಖರೇ ಹೇಳಿದ್ದೆ. ಹೊರಡೂ ಮುಂದ ಕಾಕಾ ಬಂದು ನನ್ನ ಮದಿವಿ ಗೊತ್ತು ಮಾಡಿ ಕುಂತ. ಅದಕ್ಕ ಅಂಬಿಕಾಗ ಊರಾಗ ಹೇಳಬ್ಯಾಡ ಅಂದೆ. ನಿಮಗ ಹೇಳಬ್ಯಾಡ ಅಂದಿಲ್ಲ."

ಎಲ್ಲದಕ್ಕೂ ಉತ್ತರ ಸಿದ್ಧವಿತ್ತು. ಉತ್ತರ ಸಿದ್ಧವಿರುವವರ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ.

ಮೈದಾನ ನಿಜವಾದದ್ದೇ ಆಗಿತ್ತು. ಎಲ್ಲೆಲ್ಲಿಂದಲೋ ಬಂದ ಹುಡುಗಿಯರು, ಮರದ ಕೆಳಗೆ ನನ್ನಂಥ ಅಪ್ಪ ಅಮ್ಮಂದಿರು. ಆಯ್ಕೆಗೆ ಬಂದಿದ್ದ ಕೋಚ್ ಹೆಂಗಸು ರೇಣುಕಾಳನ್ನು ಕಂಡು ಓಡಿ ಬಂದು ತಬ್ಬಿಕೊಂಡಳು, ಬಗ್ಗಿ ಅವಳ ಮೊಣಕಾಲು ಮುಟ್ಟಿ ನೋಡಿದಳು. ಆಗಲೂ ನಾನು ಚೀಲದ ಜಿಪ್ಪಿನ ಮೇಲಿನ ಕೈ ತೆಗೆಯಲಿಲ್ಲ.

ಆಮೇಲೆ ಅಂಬಿಕಾ ಗೋಲಿನಲ್ಲಿ ನಿಂತಳು. ಗಟ್ಟಿ ನೆಲ. ಚೆಂಡು ಬಂದಾಗ ಅಡ್ಡಡ್ಡ ಹಾರಿ ಬಿದ್ದಳು. ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಅವಳು ಎದ್ದು ಮೊಣಕೈಯ ಮಣ್ಣು ಒರೆಸಿಕೊಂಡು ಮುಂದಿನ ಹುಡುಗಿಯರಿಗೆ ಕೂಗತೊಡಗಿದಳು, ಬಲಕ್ಕೆ ಸರಿ, ನೀನು ಹಿಂದೆ ಬಾ, ದಾರಿ ಬಿಡು ಎಂದು. ಹಿಂದಿಯಲ್ಲಿ ಕೂಗುತ್ತಿದ್ದರೂ ಆ ದನಿ ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಬಾಗಿಲಲ್ಲಿ ಜೋತುಬಿದ್ದವರನ್ನು ಬಸ್ಸಿನೊಳಕ್ಕೆ ಸರಿಸುವ ನನ್ನದೇ ದನಿ ಅದು. ನನಗೆ ನಗುವೂ ಬಂತು, ಅಳುವೂ ಬಂತು. ಹದಿನೇಳು ವರ್ಷ ಸಾಕಿದ ಮಗಳ ಆಟವನ್ನು ಅವತ್ತು ಮೊದಲ ಸಲ ನೋಡಿದೆ.

ಅಂಬಿಕಾ ಆಯ್ಕೆಯಾದಳು. ತಾಂಡೂರಿನ ಹುಡುಗಿಗೆ ಮುಂದಿನ ವರ್ಷ ಬಾ ಎಂದರು.

ಊರಿಗೆ ಮರಳಿದ ಮೇಲೆ ರೇಣುಕಾಳ ಕಾರ್ಡ್ ವಾಪಸ್ ಕೊಟ್ಟೆ. ಬಸ್ಸಿನಲ್ಲಿ ಆಡಿದ ಮಾತಿಗೆ ಏನೋ ಹೇಳಲು ಬಾಯಿ ತೆರೆದರೆ ಅವಳು ಕೈ ಅಡ್ಡ ಹಿಡಿದಳು. ಕೇಳುವವರು ಕೇಳಬೇಕು, ಎಲ್ಲ ಕ್ಲಬ್ಬುಗಳೂ ಒಳ್ಳೆಯವಲ್ಲ ಅಂದಳು. ಕಟಕ್ ಬಿಟ್ಟು ಬಂದಾಯಿತಲ್ಲ, ವಿಳಾಸ ಬದಲಿ ಮಾಡಿಸಿದರೆ ದಿನಾ ಟಿಕೆಟ್ ತಪ್ಪುತ್ತದಲ್ಲ ಎಂದೆ. ಅವಳು ಕಾರ್ಡನ್ನು ಹೊರಳಿಸಿ ನೋಡಿ, "ಬದಲಿ ಮಾಡಿಸಿದ್ರ ಆಟ ಮುಗೀತು ಅಂತ ನಾನೇ ಬರಕೊಟ್ಟಂಗ ಆಗ್ತದ ಅಕ್ಕಾ. ಇನ್ನೊಂದೀಟು ದಿನಾ ಟಿಕೆಟ್ ತಗೋತೀನಿ" ಅಂದಳು.

ಈಗ ಹೊಸ ಹುಡುಗಿಯರ ಮನೆಗೆ ಹೋದಾಗ, ಖೇಡದ ಕಂಡಕ್ಟರಮ್ಮ ಕೇಳಿದ ಹಾಗೆ ನೀವೂ ನನ್ನನ್ನು ಪ್ರಶ್ನೆ ಕೇಳಿ ಎಂದು ತಂದೆ ತಾಯಿಗೆ ಹೇಳುತ್ತಾಳಂತೆ. ನನ್ನ ಸ್ವಭಾವವೇನೂ ಬದಲಾಗಿಲ್ಲ. ಕೋಲ್ಕತ್ತಾದ ಹಾಸ್ಟೆಲ್ ವಾರ್ಡನ್ನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುತ್ತೇನೆ. ಅಂಬಿಕಾ ಎರಡನೆಯ ಗೋಲಿ, ಹೆಚ್ಚು ಪಂದ್ಯಗಳಲ್ಲಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಆದರೂ ಪಂದ್ಯವಿದ್ದ ದಿನ ಮೌಲಾನಾ ಭಾಯ್ ಫೋನ್ ನೋಡಿ, ನಮ್ಮ ಹುಡುಗಿ ಕಂಡಳು ಎಂದು ಡಿಪೋಗೆಲ್ಲ ಸಾರುತ್ತಾರೆ.

ಈಚೆಗೆ ಲೀಗ್ ಮುಗಿದು ಅವಳು ರಜೆಗೆ ಬಂದಳು. ಜಹೀರಾಬಾದಿನಲ್ಲಿ ನನ್ನ ಬಸ್ಸನ್ನೇ ಕಾದು ಹತ್ತಿದಳು. ಝೀರೋ ಟಿಕೆಟ್ ಒತ್ತಲು ಹೋದ ನನಗೆ ತನ್ನ ಕಾರ್ಡ್ ತೋರಿಸಿದಳು. ಬ್ಯಾಂಕಿಗೂ ಆಟದ ನೋಂದಣಿಗೂ ಬೇಕೆಂದು ವಿಳಾಸ ಬದಲಿಸಿದ್ದಾಳೆ, ಕೋಲ್ಕತ್ತಾ. ನನ್ನ ವೋಟರ್ ಕಾರ್ಡಿನಲ್ಲೂ ಒಂದು ಸಲ ಔರಾದ ಹೋಗಿ ನಾರಾಯಣಖೇಡ ಬಂದಿತ್ತು, ಅದು ಮದುವೆಯಾದದ್ದಕ್ಕೆ.

"ಖೇಡ ಒಂದು ಕೊಡ್ರಿ" ಎಂದು ನಗುತ್ತ ನೋಟು ಚಾಚಿದಳು ನನ್ನ ಮಗಳು. ನಾನು ದುಡ್ಡು ತೆಗೆದುಕೊಂಡು ಅವಳಿಗೆ ಫುಲ್ ಟಿಕೆಟ್ ಹರಿದುಕೊಟ್ಟೆ.