ಕೆಂಪು ದಾರ ಕಟ್ಟಿದ ಡಬ್ಬಿ

ಬೋರಲು ಹಾಕಿದ ಡಬ್ಬಿಗೆ ಕಿವಿಗೊಟ್ಟು ಕೇಳುವವರನ್ನು ನಾನು ಕಂಡಿದ್ದು ಒಬ್ಬರನ್ನೇ. ಎದುರುಮನೆಯ ರಾಬಿಯಾ ಚಾಚಿ ತಟ್ಟೆಯ ಮೇಲೆ ಸ್ಟೀಲಿನ ಡಬ್ಬಿ ಮಗುಚಿ, ಬೆಳ್ಳಿಯುಂಗುರದ ಬೆರಳಿನಿಂದ ಅದರ ತಳಕ್ಕೆ ಟಕ್ ಟಕ್ ಎಂದು ಬಡಿದು, ಬಾಗಿ ಕಿವಿ ಇಡುತ್ತಿದ್ದರು. ಒಳಗೆ ಪುಳಕ್ಕೆಂದರೆ ಮುಖ ಅರಳುತ್ತಿತ್ತು. "ಬಿಟ್ಲು ನೋಡು ತವರಮನಿ!" ಎನ್ನುತ್ತ ಡಬ್ಬಿ ಎತ್ತಿದರೆ, ಕಂದು ಪಾಕ ಸುರಿಸಿಕೊಂಡು ಕ್ಯಾರಮೆಲ್ ಕಸ್ಟರ್ಡ್ ತಟ್ಟೆಯಲ್ಲಿ ನಡುಗುತ್ತ ಕೂತಿರುತ್ತಿತ್ತು.

ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಎರಡೂ ಮನೆಯ ಬಾಗಿಲು ಎದುರುಬದುರು. ಅವರೂ ನಮ್ಮ ಹಾಗೆ ಬಿಜಾಪುರದ ಕಡೆಯವರು. ಚಾಚಿಯದು ಮನೆಯಲ್ಲಿ ದಖ್ನಿ ಉರ್ದು, ನಮ್ಮವ್ವನ ಜೊತೆ ಕನ್ನಡ, ಭಾಜಿ ಮಾರುವವಳ ಜೊತೆ ಮರಾಠಿ. ಮೂರರಲ್ಲೂ ಅದೇ ಜಗಳಗಂಟಿ ದನಿ. ಸೀರೆಗಳಿಗೆ ಫಾಲ್ ಹಚ್ಚುತ್ತಲೇ ಗ್ಯಾಸಿನ ಮೇಲೊಂದು ಕಣ್ಣಿಟ್ಟಿರುತ್ತಿದ್ದರು. ಸಕ್ಕರೆಯನ್ನು ಡಬ್ಬಿಯಲ್ಲೇ ಹಾಕಿ, ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ತಿರುಗಿಸುವರು. ಬಣ್ಣ ಜೇನಿನಂತಾದ ಕೂಡಲೇ ಇಳಿಸಿಬಿಡುವರು. "ಇನ್ನೊಂದ್ ಚೂರು ಇರ್ಲಿ ಅಂದಿ ಅಂದ್ರ ಕಹಿ. ಆಮ್ಯಾಲೆ ಎಷ್ಟ್ ಹಾಲು ಸುರಿದ್ರೂ ಹೋಗಂಗಿಲ್ಲ ಬೇಟಾ." ಹಾಲು, ಮೊಟ್ಟೆ ಕಲಸಿ ಅದರ ಮೇಲೆ ಸೋಸಿ, ಮುಚ್ಚಳ ಬಿಗಿದು, ಸೀಟಿ ತೆಗೆದ ಕುಕ್ಕರಿನಲ್ಲಿ ಹಬೆಗಿಡುತ್ತಿದ್ದರು.

ನಾವು ಲಿಂಗಾಯತರು, ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಚಾಚಿ ನಮ್ಮ ಪಾಲಿಗೆಂದು ಬೇರೆ ಡಬ್ಬಿ ಇಟ್ಟಿದ್ದರು. ಅದರಲ್ಲಿ ಮೊಟ್ಟೆಯ ಬದಲು ಮೊಸರು. ಅದನ್ನು ತೊಳೆಯುವ ಜುಂಗು ಕೂಡ ಬೇರೆ. ಆರಿದ ಮೇಲೆ ಡಬ್ಬಿಯ ಸುತ್ತ ಕೆಂಪು ದಾರ ಕಟ್ಟಿ ಕಳಿಸುವರು. "ನಮ್ಮ ಈದಿಗೆ ನಿಮ್ಮ ನೇಮ ಯಾಕ ಕೆಡಬೇಕು?" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಆಫೀಸಿನಿಂದ ಬೇಗ ಬಂದೆ. ಅವ್ವ ಅಡುಗೆಮನೆಯಲ್ಲಿ ನಿಂತು, ಡಬ್ಬಿಗೇ ಚಮಚ ಹಾಕಿ ತಿನ್ನುತ್ತಿದ್ದಳು. ಡಬ್ಬಿಗೆ ದಾರವಿರಲಿಲ್ಲ. ಮೂಗಿಗೆ ಹಿಡಿದೆ. ಮೊಟ್ಟೆಯ ವಾಸನೆ ನನಗೆ ಗೊತ್ತಿಲ್ಲದ್ದೇನಲ್ಲ. ಸ್ಟೇಷನ್ನಿನ ಹೊರಗೆ ಭುರ್ಜಿ-ಪಾವ್ ತಿಂದು, ಬಡೇಸೋಪು ಅಗಿಯುತ್ತ ಮನೆಗೆ ಬರುವ ಶರಣ ನಾನು. ಆದರೂ ಬಿಲ್ಡಿಂಗಿಗೆಲ್ಲ ಕೇಳುವಂತೆ ಕೂಗಾಡಿದೆ.

ಚಾಚಿ ಓಡಿಬಂದರು. ತಲೆ ತಗ್ಗಿಸಿ ನಿಂತ ಅವ್ವನನ್ನು ನೋಡಿದರು, ಡಬ್ಬಿಯನ್ನು ನೋಡಿದರು. "ತಪ್ಪಾತು ಬಸೂ. ಡಬ್ಬಿ ಬದಲಾತು. ಅಕ್ಕಗ ಗೊತ್ತಿಲ್ಲ, ನನ್ನ ಕಣ್ಣ ಹೋಗ್ಯಾವ," ಎಂದರು.

"ಇಷ್ಟ್ ವರ್ಷ ನಂಬಿದ್ವಿ ಚಾಚಿ. ಅವ್ವನ ಕುಲಾ ಕೆಡಿಸಿದ್ರಿ. ಇನ್ನ ನಮ್ಮ ಮನಿಗೆ ಏನೂ ಕಳಿಸಬ್ಯಾಡ್ರಿ," ಎಂದೆ. ಮೆಟ್ಟಿಲ ಮೇಲೆ ನೆರೆಯವರು ನಿಂತಿದ್ದರು. ಚಾಚಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೋದರು. ಅಂದಿನಿಂದ ಬಿಲ್ಡಿಂಗಿನ ಬೇರೆ ಮನೆಗಳೂ ಅವರ ಕೈತಿನಿಸು ಬಿಟ್ಟವು. ಕೆಲವು ತಿಂಗಳಲ್ಲಿ ಅವರು ಭಾಂಡುಪಿಗೆ, ಮಗಳ ಮನೆಗೆ ಹೊರಟುಹೋದರು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಗಂಜಿ ಕೂಡ ಬೇಡವೆಂದವಳು ಒಂದು ದಿನ ನನ್ನ ಕೈ ಹಿಡಿದು, "ರಾಬಿಯಾನ ಕಡಿಂದ ಕಸ್ಟರ್ಡ್ ತಂದ್ ಕೊಡೊ. ದಾರ ಕಟ್ಟಿದ್ದಲ್ಲ, ತತ್ತಿ ಹಾಕಿದ್ದು," ಎಂದಳು. "ತತ್ತೀದಾ?" ಎಂದೆ. "ನಾನ ಅಕಿನ್ನ ಬೇಡಿ ತರ್ತಿದ್ದೆ. ನಿನ್ನ ಮುಂದ ಹೇಳಾಕ ನಾಚಿಕಿ ಬಂತು. ಅಕಿ ತನ್ನ ಮ್ಯಾಲೆ ಹಾಕ್ಕೊಂಡ್ಳು."

ಭಾಂಡುಪಿಗೆ ಹೋದೆ. ಚಾಚಿ ಸೊರಗಿದ್ದರು, ಉಂಗುರ ಬೆರಳಲ್ಲಿ ಸಡಿಲವಾಗಿತ್ತು. "ಅವ್ವಗ ಆರಾಮಿಲ್ಲ. ಎಲ್ಲಾ ಹೇಳ್ಯಾಳ ಚಾಚಿ, ನಾ ಅವತ್ತು..." ಎಂದು ಶುರುಮಾಡಿದೆ.

"ಜಡ್ಡಿನಾಗ ಏನರೆ ಅಂತಾರ. ಡಬ್ಬಿ ನಾನ ಬದಲ ಮಾಡಿದ್ದೆ," ಎಂದು ಮಾತು ಕತ್ತರಿಸಿದರು. "ಕುಂದ್ರು, ಸಕ್ಕರಿ ಇಡ್ತೀನಿ." ತಪ್ಪಾಯಿತೆನ್ನಲು ಜಾಗವನ್ನೇ ಬಿಡಲಿಲ್ಲ. ನನ್ನ ಕಣ್ಣೆದುರೇ ಮೊಟ್ಟೆ ಒಡೆದು ಹಾಕಿದರು. ಹೊರಡುವಾಗ ಡ್ರಾವರಿನಲ್ಲಿ ಹುಡುಕಿ, ಆ ಡಬ್ಬಿಗೆ ಕೆಂಪು ದಾರ ಕಟ್ಟಿದರು. "ಅಕ್ಕನ್ನ ನೋಡಾಕ ಮಂದಿ ಬರ್ತಿರ್ತಾರ," ಎಂದರು, ನನ್ನ ಮುಖ ನೋಡದೆ.

ಅವ್ವ ಚೇತರಿಸಿಕೊಂಡಳು. ಚಾಚಿ ಈ ರಮ್ಜಾನಿಗೆ ಮೊದಲೇ ತೀರಿಕೊಂಡರು.

ಹಳೆಯ ನೆರೆಯವರ ಜೊತೆ ಮಣ್ಣಿಗೆ ಹೋದೆ. ಸತ್ತವರ ಪರವಾಗಿ ಮನೆಯವರು ಬಂದವರಲ್ಲಿ ಮಾಫಿ ಕೇಳುವುದು ಅವರಲ್ಲಿ ರೂಢಿ. ಮನೆಯಿಂದ ಹೆಣ ಎತ್ತುವ ಮುಂಚೆ ಚಾಚಿಯ ಮಗಳು ಸೀದಾ ನನ್ನ ಹತ್ತಿರ ಬಂದಳು. ಮುಂಬಯಿಯಲ್ಲೇ ಬೆಳೆದ ಹುಡುಗಿ, ಕನ್ನಡ ತಡವರಿಸುತ್ತದೆ. "ಬಸೂ ಭಾಯ್, ಅಮ್ಮೀದು ಆ ಡಬ್ಬಿ ಗಲ್ತಿ ಆಗಿತ್ತಲ್ಲ, ದಿಲ್‌ನಾಗ ಇಟ್ಕೋಬ್ಯಾಡ್ರಿ. ಮಾಫ್ ಮಾಡ್ರಿ," ಎಂದು ಕೈ ಮುಗಿದಳು.

ಸುತ್ತಲೂ ಅಂದು ಮೆಟ್ಟಿಲ ಮೇಲೆ ನಿಂತಿದ್ದವರೇ. ಹೇಳಬೇಕೆಂದು ಬಾಯಿ ತೆರೆದೆ. ಮನೆಯಲ್ಲಿದ್ದ ಅವ್ವನ ನೆನಪಾಯಿತು; ನಿಜ ಹೇಳಬೇಕೆಂದರೆ, ನನ್ನ ಮುಖದ ಚಿಂತೆಯೇ ಹೆಚ್ಚಾಯಿತು.

"ಇರ್ಲಿ ಬಿಡವ್ವಾ," ಎಂದೆ. "ಮಾಫ್ ಮಾಡೀನಿ."