ಮಾಳಿಗೆಯ ಮಣ್ಣಿನಡಿಯ ಗಂಟು

ತಿರ್ಲಾಪುರದ ವೈರ್‌ಮನ್ ಮಲಕಪ್ಪನ ಮಾತನ್ನು ಊರಿನವರು ಬಟ್ಟೆ ಅಂಗಡಿಯ ಮೊದಲ ದರದಂತೆ ಕೇಳುತ್ತಾರೆ, ಅರ್ಧ ಇಳಿಸಿಕೊಂಡು. ಕರೆಂಟಿನ ವಿಷಯದಲ್ಲಿ ಮಾತ್ರ ಯಾರೂ ಚೌಕಾಶಿಗೆ ನಿಲ್ಲುವುದಿಲ್ಲ. ಮೂವತ್ತು ವರ್ಷದಲ್ಲಿ ಊರಿನ ಅರ್ಧ ಮನೆಗಳಿಗೆ ವೈರು ಎಳೆದವನು ಅವನೇ. ಟೆಸ್ಟರ್ ಕಿಸೆಯಲ್ಲಿ, ಇಕ್ಕಳ ಸೊಂಟದಲ್ಲಿ, ಚೇಷ್ಟೆ ನಾಲಿಗೆಯ ತುದಿಯಲ್ಲಿ. ಮೂರರಲ್ಲಿ ಒಂದನ್ನೂ ಅವನು ಮನೆಯಲ್ಲಿ ಮರೆತು ಬಂದದ್ದಿಲ್ಲ.

ಊರಿನ ಆ ನಂಬಿಕೆಯೇ ಈಗ ಅವನಿಗೆ ಭಾರವಾಗಿತ್ತು.

ಫಕೀರವ್ವನ ಮನೆಯ ಮೇನ್ ಬ್ರೇಕರ್ ಮಳೆ ಹಿಡಿದಾಗಿನಿಂದ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ಅದೇ ವಾರ ಸೊಸೆ ಸವಿತಾ ತನ್ನ ಹೊಲಿಗೆ ಮಷಿನ್ನಿಗೆ ಮೋಟರ್ ಹಾಕಿಸಿದ್ದಳು. ಮಷಿನ್ನಿನ ಮೇಲೆ ತಪ್ಪು ಹೊರಿಸಲು ಅತ್ತೆಗೆ ಅಷ್ಟು ಸಾಕಾಯಿತು. ಹದಿನೈದು ದಿನದ ಹಿಂದೆ ನೋಡಲು ಬಂದ ಮಲಕಪ್ಪ ಬ್ರೇಕರ್ ಡಬ್ಬಿಯ ಮುಚ್ಚಳ ತೆಗೆದ, ಒಮ್ಮೆ ಮಾಳಿಗೆಯತ್ತ ಕಣ್ಣೆತ್ತಿದ, ಮುಚ್ಚಳ ಹಾಕಿದ. "ಮೋಟರ್ ಇರಬಹುದು ಬೇ," ಎಂದ. ಅಷ್ಟಕ್ಕೇ ಬಿಡದೆ, ಹಿಟ್ಟಿನ ಗಿರಣಿಯಲ್ಲಿ ನಿಂತ ಹೆಂಗಸರ ಮುಂದೆ, "ಸವಿತಾ ಒಂದ್ ಜಂಪರ್ ಹೊಲಿದ್ರ ಇಡೀ ಮನಿ ಕತ್ತಲಾಗತೈತಿ," ಎಂದು ನಗಿಸಿಯೂ ಬಂದ. ಹೆಂಗಸರು ನಕ್ಕರು; ನಕ್ಕು, ತಮ್ಮ ರವಿಕೆಯ ಅರಿವೆಯನ್ನು ಆಚೆ ಓಣಿಯಲ್ಲಿ ಹೊಲಿಯುವ ನೇತ್ರಾಳ ಮನೆಗೆ ಒಯ್ದರು.

ಮಷಿನ್ ಚಾದರದಡಿ ಸೇರಿ ಹತ್ತು ದಿನ ಕಳೆದರೂ ಬ್ರೇಕರ್ ಬೀಳುವುದು ನಿಲ್ಲಲಿಲ್ಲ. "ವೈರ್ನೆಲ್ಲಾ ಕೆಡಿಸಿಟ್ಟೈತಿ," ಎಂದು ಫಕೀರವ್ವ ಮಷಿನ್ ಮಾರಲು ಮಾತಾಡಿದಳು. ಕೊಳ್ಳುವವರು ಅಣ್ಣಿಗೇರಿಯಿಂದ ಆ ದಿನವೇ ಸಂಜೆ ಬಸ್ಸಿಗೆ ಬರುವವರಿದ್ದರು. ಕೆಟ್ಟ ವೈರು ತೆಗೆಯಲು ಮಲಕಪ್ಪನಿಗೆ ಮತ್ತೆ ಕರೆ ಹೋಯಿತು.

"ಕಾಕಾ, ಈ ಸಲನಾದ್ರೂ ಪೂರಾ ನೋಡ್ರಿ," ಎಂದಳು ಸವಿತಾ, ಗೋಡೆಗೆ ಆತು ನಿಂತು. "ಹೋದ ಸಲ ಮುಚ್ಚಳ ಅಷ್ಟ ನೋಡಿ ಹೋದ್ರಿ."

ಮತ್ತೊಮ್ಮೆ "ಮೋಟರ್" ಎಂದರೆ ಇಲ್ಲಿ ಯಾರೂ ಎದುರಾಡುವುದಿಲ್ಲ. ಸುಳ್ಳು ಇಷ್ಟು ಸಲೀಸಾಗಿ ಸಾಗುತ್ತದೆಂಬುದೇ ಅವನನ್ನು ಚುಚ್ಚಿತು. ಮಷಿನ್ ಮಾರುವ ಸುದ್ದಿ ಕೇಳಿದಂದಿನಿಂದ, ಮೂರು ರಾತ್ರಿ, ಅವನಿಗೆ ನಿದ್ದೆ ಇರಲಿಲ್ಲ.

"ಎಲ್ಲಾ ಸ್ವಿಚ್ ಆರಿಸವಾ. ಮಷಿನ್ ವೈರೂ ಕಿತ್ತಿಡು," ಎಂದ.

ಡಬ್ಬಿಯ ಮೂರು ಸಣ್ಣ ಬ್ರೇಕರುಗಳನ್ನು ಇಳಿಸಿ ಮೇನ್ ಎತ್ತಿದ. ನಿಂತಿತು. ಮೊದಲನೆಯದನ್ನು ಎತ್ತಿದ, ನಿಂತಿತು. ಎರಡನೆಯದಕ್ಕೂ ನಿಂತಿತು. ಮೂರನೆಯದನ್ನು ಎತ್ತಿದೊಡನೆ ಮೇನ್ ಟಕ್ಕೆಂದು ಬಿತ್ತು.

"ಅದು ಯಾವ ಲೈನ್ರಿ?"

"ಮಾಳಿಗಿ ಮ್ಯಾಲ ಹಾದು ಅಡಗಿಮನಿಗೆ ಬರೂದು."

"ನನ್ನ ಮಷಿನ್ದು?"

"ಮೊದಲ್ನೇದು," ಎಂದ ಮಲಕಪ್ಪ, ಗೋಡೆಗೆ ಹೇಳುವಂತೆ.

ಎಲ್ಲ ಬ್ರೇಕರ್ ಇಳಿಸಿ ನಿಚ್ಚಣಿಕೆ ಹತ್ತಿದ. ಸಲಿಕೆ ಹಿಡಿದು ಸವಿತಾಳೂ ಹತ್ತಿದಳು. ಮಳೆ ನೀರು ಒಳಗಿಳಿಯದಿರಲೆಂದು ಪ್ರತಿ ಬೇಸಿಗೆಯಲ್ಲಿ ಮಾಳಿಗೆಗೆ ಹರಡುವ ಸವಳು ಮಣ್ಣು ಮೇಲೆ ಹಸಿಯಾಗಿ ಹೊಳೆಯುತ್ತಿತ್ತು. ಉಪ್ಪಿನ ಮಣ್ಣು ಅದು. ನೆನೆಯಿತೆಂದರೆ ಕರೆಂಟು ಸೋರಲು ಅದಕ್ಕಿಂತ ಸಲೀಸಾದ ದಾರಿ ಬೇಕಿಲ್ಲ; ಸೋರಿತೆಂದರೆ ಮೇನ್ ಬೀಳುತ್ತದೆ. ಮಲಕಪ್ಪ ಬೆಳಕಿಂಡಿಯಿಂದ ಎರಡು ಹೆಜ್ಜೆ ಅಳೆದು ಅಗೆದ. ಗೇಣುದ್ದ ಪೈಪಿಲ್ಲದ ವೈರು, ನಡುವೆ ಒಂದು ಗಂಟು, ಗಂಟಿಗೆ ಸುತ್ತಿದ ಗೊಬ್ಬರ ಚೀಲದ ಪಟ್ಟಿ.

ಸವಿತಾ ಸಲಿಕೆ ಊರಿ ನಿಂತಳು. "ಹುಡುಕಲಾರ್ದ ಅಗದಿ ಸರೀ ಜಾಗಾಕ್ಕ ಬಂದ್ರೆಲ್ಲ ಕಾಕಾ."

"ಇಟ್ಟಾಂವನ ನಾನವಾ," ಎಂದ ಅವನು.

ಹನ್ನೊಂದು ವರ್ಷದ ಹಿಂದೆ ಈ ಮನೆಗೆ ವೈರು ಎಳೆಯುವಾಗ ಪೈಪು ಮುಗಿದಿತ್ತು, ಟೇಪೂ ಮುಗಿದಿತ್ತು, ನವಲಗುಂದದ ಅಂಗಡಿಗೆ ಹೋಗಿ ಬರಲು ಬೇಸರವಾಗಿತ್ತು. ಮೇಲೆ ಮಣ್ಣು ಎಳೆದು ಇಳಿದಿದ್ದ. ಈ ಬೇಸಿಗೆ ಹಳೆ ಮಣ್ಣು ಕೆರೆಸಿದಾಗ ಪಟ್ಟಿ ಹರಿದಿರಬೇಕು.

ಪಟ್ಟಿಯನ್ನು ಕಿಸೆಗೆ ಹಾಕಿಕೊಳ್ಳಬಹುದಿತ್ತು. ಕೆಳಗಿಳಿದು ಫಕೀರವ್ವನ ಮುಂದೆ ಕಟ್ಟೆಯ ಮೇಲಿಟ್ಟ. "ತಪ್ಪು ನಂದ ಬೇ. ಹೋದ ಸಲ ಬಂದಾಗೂ ಗೊತ್ತಿತ್ತು."

ಫಕೀರವ್ವ ಪಟ್ಟಿಯನ್ನು ಮಗುಚಿ ನೋಡಿದಳು. "ಹನ್ನೊಂದ್ ವರ್ಷ ತಡದೈತಿ. ನಿನಗಿಂತ ಚೀಲ ಚಲೋ ಐತಿ." ಸೊಸೆಯ ಕಡೆ ನೋಡಲಿಲ್ಲ. ಎದ್ದು ಒಳಗೆ ಹೋಗಿ ಮಷಿನ್ ಮೇಲಿನ ಚಾದರ ತೆಗೆದು ಮಡಚಿದಳು. "ಅಣ್ಣಿಗೇರಿಯವ್ರಿಗೆ ಬರಬ್ಯಾಡಂತ ಫೋನ್ ಹಚ್ಚು," ಎಂದಳು.

ಹೊಸ ವೈರು, ಹೊಸ ಪೈಪು ಹಾಕಿದ ಮೇಲೆ ಮೇನ್ ಗಟ್ಟಿಯಾಗಿ ನಿಂತಿತು. ಮಲಕಪ್ಪ ಹೊರಡುವಾಗ ಸವಿತಾ ಬಾಗಿಲಿಗೆ ಬಂದಳು.

"ಮಷಿನ್ ಉಳೀತ್ರಿ ಕಾಕಾ. ಹೊಲಿಸಾಕ ಬರಾವ್ರು ಯಾರ್ ಅದಾರ? ಗಿರಣ್ಯಾಗ ಹೇಳಿದ್ದನ್ನ ಗಿರಣ್ಯಾಗ ತಿದ್ರಿ."

ಅವನು ಹೋದಾಗ ಗಿರಣಿ ಗುಡುಗುಡು ಎನ್ನುತ್ತಿತ್ತು. ಮಲಕಪ್ಪ ಹೇಳಿದ. ಜೋಳದ ಡಬ್ಬಿ ಹಿಡಿದು ನಿಂತಿದ್ದ ಜರೀನಾಬಿ ಕಿವಿಗೆ ಕೈ ಹಚ್ಚಿ, "ಕೇಳವಲ್ದು, ಜೋರ ಹೇಳ," ಎಂದಳು. ಅಂದಿನ ಚೇಷ್ಟೆ ಇದೇ ಸದ್ದಿನಲ್ಲಿ ಎಲ್ಲರಿಗೂ ಕೇಳಿತ್ತು. ಎರಡನೆಯ ಸಲ ಹೇಳಿದ. ಗಿರಣಿಯ ಹಸನಸಾಬ ಮೋಟರನ್ನೇ ನಿಲ್ಲಿಸಿಬಿಟ್ಟ. ಆ ಮೌನದಲ್ಲಿ ಮಲಕಪ್ಪ ಮೂರನೆಯ ಸಲ ಹೇಳಬೇಕಾಯಿತು: "ಸವಿತಾನ ಮಷಿನ್ ತಪ್ಪಿಲ್ಲ. ಕೆಟ್ಟ ಗಂಟು ಹಾಕಿದಾಂವ ನಾನು."

ಯಾರೂ ನಗಲಿಲ್ಲ. ಜರೀನಾಬಿ ಡಬ್ಬಿಯನ್ನು ಕೆಳಗಿಟ್ಟಳು.

"ಹಂಗಾರ ನಮ್ಮ ಮನಿ ವೈರ್ ಎಳದಾವ್ರು ಯಾರು?"

"ನಾನ," ಎಂದ ಮಲಕಪ್ಪ. ಹೊರಗೆ ಬಂದು, ನಿಚ್ಚಣಿಕೆ ಕಟ್ಟಿದ್ದ ಸೈಕಲ್ಲನ್ನು ಜರೀನಾಬಿಯ ಮನೆಯತ್ತ ತಿರುಗಿಸಿದ.