ಇಂಟರ್ವಲ್ ಬೇಕಾ ಬೇಡ್ವಾ?

ಕದ್ರಿಯಿಂದ ತೊಕ್ಕೊಟ್ಟಿನವರೆಗೂ ಇರುವ ನನ್ನ ಸಿನೆಮಾ ಮಿತ್ರರೇ, "ಬಂದೇ ಬರ್ತೇವೆ" ಎಂದು ನೀವೆಲ್ಲ ಈ ಗ್ರೂಪಿನಲ್ಲಿ ಬರೆದಿದ್ದ ಆ ಇರಾನಿನ ಚಿತ್ರಕ್ಕೆ ಇವತ್ತು ಮಧ್ಯಾಹ್ನ ಬಂದವಳು ನಾನೊಬ್ಬಳೇ.

ಶುರುವಾಗುವ ಮೊದಲು ಥಿಯೇಟರಿನ ಸಿಬ್ಬಂದಿಯೊಬ್ಬರು ಟಾರ್ಚ್ ಹಿಡಿದು ನನ್ನ ಸಾಲಿನವರೆಗೆ ಬಂದರು. "ಮೇಡಂ, ನೀವೊಬ್ರೇ ಇರುವುದು. ಇಂಟರ್ವಲ್ ಬೇಕಾ ಬೇಡ್ವಾ? ಬೇಡದಿದ್ರೆ ಮೇಲೆ ಪ್ರೊಜೆಕ್ಟರ್ ರೂಮಿಗೆ ಹೇಳಿ ತೆಗೆಸ್ತೇನೆ."

ಎಡೆಬಿಡದೆ ನೋಡಬೇಕಾದ ವಿದೇಶಿ ಚಿತ್ರಗಳ ನಡುವೆ ನಮ್ಮವರು ಇಂಟರ್ವಲ್ ತುರುಕುತ್ತಾರೆ, ಪಾಪ್‌ಕಾರ್ನ್ ಮಾರಲು ಕತೆಯನ್ನು ಕೊಲ್ಲುತ್ತಾರೆ ಎಂದು ನಾನು ವಿಮರ್ಶೆಗಳಲ್ಲಿ ಕೂಗಾಡಿದ್ದು ನಿಮಗೆ ಗೊತ್ತೇ ಇದೆ. ಕೊನೆಗೂ ಒಬ್ಬರು ನನ್ನ ಅಭಿಪ್ರಾಯ ಕೇಳಿದ್ದರು. ಖಾಲಿ ಕುರ್ಚಿಗಳತ್ತ ಒಮ್ಮೆ ನೋಡಿದೆ.

"ಇರಲಿ" ಎಂದೆ.

ಇಂಟರ್ವಲ್ಲಿಗೆ ದೀಪ ಹತ್ತಿತು. ಅವರು ಮತ್ತೆ ಬಂದು ಎದುರು ಸಾಲಿನ ಕುರ್ಚಿಗೆ ಕೈಯೂರಿ ನಿಂತರು.

"ಎಂತ ಮೇಡಂ ಇದರ ಕಥೆ? ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಾರೂ ಮಾತಾಡುವುದೇ ಇಲ್ವಲ್ಲ!"

"ಗಂಡ ಹೆಂಡತಿಗೆ ಜಗಳ ಆಗಿದೆ."

"ಜಗಳವಾ? ಯಾವಾಗ?"

"ಸಿನೆಮಾ ಶುರುವಾಗುವ ಮೊದಲೇ ಆಗಿದೆ ಮಾರಾಯ್ರೆ."

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ದೀಪ ಆರಿತು, ಅವರು ಬಾಗಿಲಿಗೆ ಹೋದರು. ಇಡೀ ದಿನದಲ್ಲಿ ನಾನು ಯಾರೊಂದಿಗಾದರೂ ಆಡಿದ ಮಾತು ಅಷ್ಟೇ.

ಇನ್ನು ವಿಮರ್ಶೆ. ಸಿನೆಮಾ ಚೆನ್ನಾಗಿದೆ. ಇಂಟರ್ವಲ್ ಮಾತ್ರ ತೀರಾ ಚಿಕ್ಕದಾಯಿತು.